ದೂರದರ್ಶನದ ಪ್ರಶ್ನೆಯೂ ವೀಕ್ಷಕನ ಬುದ್ಧಿಯೂ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರ ಬಳಿ ಕಲಿತುಬಂದವರು. ಮನುಷ್ಯನ ನಾನಾವಿಧ ಸಾಮರ್ಥ್ಯಗಳ ಹಿಂದೆ ‘ಸಾಮಾನ್ಯ ಬುದ್ಧಿ’ ಎಂಬುದೊಂದು ಅಡಗಿದೆಯೆಂದು 1904ರಲ್ಲಿ ಗಣಿತದ ಆಧಾರದಿಂದ ಪ್ರತಿಪಾದಿಸಿದ ವಿದ್ವಾಂಸರೇ ಆ ಸ್ಪಿಯರ್ಮನ್ನರು. ಅಂಥವರ ಗರಡಿಯಲ್ಲಿ ಪಳಗಿ, 1924ರಲ್ಲಿ ಆರಂಭವಾದ ಮೈಸೂರಿನ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದ ಗೋಪಾಲಸ್ವಾಮಿಯವರು ಪಾಶ್ಚಾತ್ಯರ ಬುದ್ಧಿಮಾಪನ ಪರೀಕ್ಷೆಗಳನ್ನು ನಮ್ಮ ದೇಶಕ್ಕೆ ಹೊಂದುವಂತೆ ತಿದ್ದುವ ಕಾರ್ಯವನ್ನು ಕೈಗೊಂಡರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕಯಂತ್ರವನ್ನಿರಿಸಿ ‘ಆಕಾಶವಾಣಿ’ ಎಂಬ ಹೆಸರಿನಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದವರೂ ಅವರೇ. ಬುದ್ಧಿಯನ್ನು ಅಳೆಯುವ ಶಾಸ್ತ್ರ, ಮಾತನ್ನು ಮನೆಮನೆಗೆ ಮುಟ್ಟಿಸುವ ಯಂತ್ರ, ಇವೆರಡೂ ಕನ್ನಡನಾಡಿನಲ್ಲಿ ಹೀಗೆ ಒಬ್ಬರ ಆಸಕ್ತಿಯಲ್ಲಿ ಜೊತೆಯಾಗಿ ಬೆಳೆದುವೆಂಬುದು ಸ್ಮರಣೀಯವಾದ ಸಂಗತಿ. ಅವೆರಡನ್ನೂ ಒಂದೇ ನೊಗಕ್ಕೆ ಹೂಡಿ, ವೀಕ್ಷಕನ ಬುದ್ಧಿಯನ್ನು ಅವನ ಮನೆಯ ಪಡಸಾಲೆಯಲ್ಲಿಯೇ ಅಳೆದುಕೊಡುತ್ತೇನೆಂದು ಹೊರಟದ್ದು ಮಾತ್ರ ಬಹುಕಾಲದ ಅನಂತರ ಬಂದ ದೂರದರ್ಶನ.

2001ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಮೊದಲು ಕಾಣಿಸಿಕೊಂಡು, 2002ರ ಮೇ ತಿಂಗಳಲ್ಲಿ ಬಿ.ಬಿ.ಸಿ.ಯಲ್ಲಿ ‘ಟೆಸ್ಟ್ ದ ನೇಷನ್’ ಎಂಬ ಹೆಸರಿನಿಂದ ಪ್ರಸಾರವಾದ ಕಾರ್ಯಕ್ರಮವು ಒಂದು ರಾಷ್ಟ್ರವನ್ನೇ ಒಂದು ಸಂಜೆ ಪರೀಕ್ಷೆಗೆ ಕೂಡಿಸಿತು. ಪ್ರಶ್ನೆಗಳು ತೆರೆಯ ಮೇಲೆ ಬರುತ್ತಿದ್ದಂತೆ ಮನೆಯಲ್ಲಿ ಕುಳಿತವರು ಕಾಗದದ ಮೇಲೋ ಗಣಕಯಂತ್ರದಲ್ಲೋ ಉತ್ತರ ಗುರುತಿಸುತ್ತ ಹೋಗಿ, ಕಡೆಯಲ್ಲಿ ತಮ್ಮ ಬುದ್ಧಿಯ ಅಂಕ ಇಷ್ಟೆಂದು ತಾವೇ ಲೆಕ್ಕಹಾಕಿಕೊಳ್ಳಬಹುದಾಗಿತ್ತು. ನಮ್ಮಲ್ಲಿ ಇದಕ್ಕೂ ಮುನ್ನವೇ, 2000ದ ಜುಲೈ 3ರಂದು, ಅಮಿತಾಭ್ ಬಚ್ಚನ್ನರ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾಗಿ, ದೂರವಾಣಿಯ ಮೂಲಕ ವೀಕ್ಷಕರನ್ನು ಪ್ರಶ್ನೋತ್ತರದ ಪೀಠಕ್ಕೆ ಕರೆಯುವ ಪದ್ಧತಿ ಮನೆಮಾತಾಗಿತ್ತು. 2012ರ ಆದಿಯಲ್ಲಿ ಅದೇ ಮಾದರಿಯ ಆಟವು ಕನ್ನಡದಲ್ಲಿ ಪುನೀತ್ ರಾಜ್‌ಕುಮಾರರ ‘ಕನ್ನಡದ ಕೋಟ್ಯಧಿಪತಿ’ಯಾಗಿಯೂ ತಮಿಳಿನಲ್ಲಿ ಸೂರ್ಯರ ‘ನೀಂಗಳುಂ ವೆಲ್ಲಲಾಂ ಒರು ಕೋಡಿ’ಯಾಗಿಯೂ ಹೆಚ್ಚುಕಡಮೆ ಏಕಕಾಲದಲ್ಲಿ ಬಂದಾಗ, ಎರಡು ಭಾಷೆಗಳ ನಡುವಣ ಈ ನೀಲಗಿರಿಯ ಮನೆಗಳಲ್ಲಿ, ಅದರಲ್ಲಿಯೂ ನಾನು ವಾಸವಾಗಿರುವ ಎಮರಾಲ್ಡಿನ ಸುತ್ತಣ ಹಟ್ಟಿಗಳಲ್ಲಿ, ಎರಡನ್ನೂ ನೋಡುವವರಿದ್ದರು.

ಈ ಕಾರ್ಯಕ್ರಮಗಳನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಇವು ಅಳೆಯುವುದು ಏನನ್ನು, ಯಾರ ಹಿತಕ್ಕಾಗಿ ಎಂಬ ವಿಚಾರವನ್ನು ಕೈಬಿಟ್ಟು ಇವುಗಳನ್ನು ಜ್ಞಾನಪ್ರಸಾರವೆಂದು ಕೊಂಡಾಡುವುದೂ, ಕಾಲಹರಣವೆಂದು ಜರೆಯುವುದೂ ಸಮನಾಗಿ ಅವಿಚಾರದ ಮಾತಾದೀತು.

ಬುದ್ಧಿಯನ್ನು ಅಂಕದಿಂದ ಅಳೆಯುವ ಪ್ರಯತ್ನವು ಹುಟ್ಟಿದ್ದೇ ಒಂದು ಕರುಣೆಯಿಂದ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ಮತ್ತು ಅವರ ಸಹೋದ್ಯೋಗಿ ಥಿಯೊಡೋರ್ ಸಿಮೊನ್ ತಮ್ಮ ಪರೀಕ್ಷೆಯನ್ನು ರಚಿಸಿದ್ದು, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಯಾವ ವಿಶೇಷ ನೆರವು ಬೇಕೆಂಬುದನ್ನು ಕಂಡುಕೊಳ್ಳುವುದಕ್ಕಾಗಿ. ಬುದ್ಧಿಯೆಂಬುದು ಹುಟ್ಟಿನಿಂದ ನಿಗದಿಯಾದ, ಹೆಚ್ಚಿಸಲಾಗದ ಪರಿಮಾಣವೆನ್ನುವವರ ನಿರಾಶಾವಾದವನ್ನು ಬಿನೆಯವರು ಸ್ಪಷ್ಟವಾದ ಮಾತುಗಳಲ್ಲಿ ವಿರೋಧಿಸಿದ್ದರು. ಆ ಪರೀಕ್ಷೆ ಅಟ್ಲಾಂಟಿಕ್ ಸಾಗರವನ್ನು ದಾಟಿದೊಡನೆ ಅದರ ಸ್ವಭಾವವೇ ಬದಲಾಯಿತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವು ಸುಮಾರು ಹದಿನೇಳೂವರೆ ಲಕ್ಷ ಮಂದಿಯನ್ನು ಸಾಮೂಹಿಕ ಬುದ್ಧಿಪರೀಕ್ಷೆಗೆ ಗುರಿಪಡಿಸಿತಷ್ಟೆ. ಅದರ ಪ್ರಶ್ನೆಗಳಲ್ಲೊಂದು, ‘ಕ್ರಿಸ್ಕೊ’ ಎಂಬುದು ಔಷಧವೋ, ಕ್ರಿಮಿನಾಶಕವೋ, ಹಲ್ಲುಜ್ಜುವ ಲೇಪವೋ, ಆಹಾರಪದಾರ್ಥವೋ ಎಂಬುದಾಗಿತ್ತು. ಅದು ಅಲ್ಲಿಯ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಅಡುಗೆಯ ಕೊಬ್ಬಿನ ಹೆಸರು. ಹಿಂದಿನ ವರ್ಷವಷ್ಟೇ ಇಟಲಿಯಿಂದಲೋ ಪೋಲೆಂಡಿನಿಂದಲೋ ಹಡಗಿಳಿದು ಬಂದ ಯುವಕನು ಆ ಹೆಸರನ್ನು ಅರಿಯದೆ ಹೋದರೆ ಅದು ಅವನ ಬುದ್ಧಿಯ ಕೊರತೆಯೆಂದು ಲೆಕ್ಕಕ್ಕೆ ಸೇರಿತು. ಅಂಥ ಅಂಕಗಳ ಬಲದಿಂದ ಕೆಲವು ಜನಾಂಗಗಳನ್ನೇ ಮಂದಮತಿಗಳೆಂದು ಕರೆದ ಗ್ರಂಥಗಳು ಹೊರಬಂದುವು.

ನಮ್ಮ ಕಡೆ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಕೆಲಸಮಾಡಿದವರಿದ್ದರು ಎಂಬುದನ್ನು ಅಭಿಮಾನದಿಂದ ಹೇಳಬೇಕು. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪುನಾರಚಿಸಿದಾಗ, ಮಗುವಿನ ಮನೆಯ ಭಾಷೆ ಮತ್ತು ಅದು ಕಂಡ ಲೋಕ, ಇವೆರಡಕ್ಕೂ ಪ್ರಶ್ನೆ ಹೊಂದಿಕೊಳ್ಳಬೇಕೆಂಬುದನ್ನು ಮನಗಂಡಿದ್ದರು. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಈಚಿನ ಕಾಲದವರೆಗೂ ನಮ್ಮ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿ ಉಳಿದುಬಂದಿದೆ. ಅಲ್ಲಿ ಒಂದು ಮಗು, ಅದರೆದುರು ಒಬ್ಬ ತಜ್ಞ. ಮಗು ತಡವರಿಸಿದರೆ ಏಕೆ ತಡವರಿಸಿತೆಂದು ವಿಚಾರಿಸುವಷ್ಟು ವ್ಯವಧಾನ. ದೂರದರ್ಶನದಲ್ಲಿ ಇವು ಯಾವುವೂ ಇಲ್ಲ. ಗಡಿಯಾರ ಓಡುತ್ತಿರುತ್ತದೆ, ಹಿನ್ನೆಲೆಯ ಸಂಗೀತ ಎದೆಬಡಿತವನ್ನು ಏರಿಸುತ್ತಿರುತ್ತದೆ, ನಾಲ್ಕು ಆಯ್ಕೆಗಳು ತೆರೆಯ ಮೇಲೆ ಬೆಳಗುತ್ತವೆ. ಉತ್ತರಿಸುವವನು ಬಲ್ಲನೋ, ಊಹಿಸಿದನೋ, ಬಲ್ಲವನಾಗಿದ್ದೂ ಗಾಬರಿಯಿಂದ ತಪ್ಪಿದನೋ ಎಂಬುದನ್ನು ಬೇರ್ಪಡಿಸಿ ತಿಳಿಯುವ ಉಪಾಯವೇ ಅಲ್ಲಿಲ್ಲ. ನೆನಪಿನ ವೇಗವನ್ನು ಅದು ಪರೀಕ್ಷಿಸಬಲ್ಲುದು, ಧೈರ್ಯವನ್ನು ಒಂದಿಷ್ಟು ಪರೀಕ್ಷಿಸಬಲ್ಲುದು. ಬುದ್ಧಿಯನ್ನು ಪರೀಕ್ಷಿಸುತ್ತೇನೆಂಬ ಅದರ ಘೋಷಣೆಯನ್ನು ಮಾತ್ರ ನಾನು ಒಪ್ಪಲಾರೆ.

ಎಮರಾಲ್ಡಿನಿಂದಲೇ ಒಂದು ಉದಾಹರಣೆಯನ್ನು ಕೊಡುತ್ತೇನೆ. ಈ ಊರಿನ ಪಕ್ಕದ ಜಲಾಶಯವು ಕುಂದಾ ಜಲವಿದ್ಯುತ್ ಯೋಜನೆಗೆ ಸೇರಿದ್ದು. ಕೊಲಂಬೊ ಯೋಜನೆಯನ್ವಯ ಕೆನಡಾ ದೇಶದ ಸಹಾಯದಿಂದ ಅದು ನಿರ್ಮಾಣವಾಯಿತು. ‘ಕುಂದಾ ಯೋಜನೆಗೆ ನೆರವಿತ್ತ ದೇಶ ಯಾವುದು? ಎ: ರಷ್ಯಾ, ಬಿ: ಕೆನಡಾ, ಸಿ: ಜರ್ಮನಿ, ಡಿ: ಜಪಾನ್’ ಎಂದು ತೆರೆಯ ಮೇಲೆ ಪ್ರಶ್ನೆ ಬಂದರೆ ಊಟಿಯ ಯಾವ ಕಾಲೇಜು ವಿದ್ಯಾರ್ಥಿಯಾದರೂ ಒಂದು ಕ್ಷಣದಲ್ಲಿ ಉತ್ತರಿಸಿಯಾನು, ಉತ್ತರಿಸಿದೊಡನೆ ಕರತಾಡನವಾಗಿ ಮುಂದಿನ ಪ್ರಶ್ನೆ ಬಂದುಬಿಡುತ್ತದೆ. ಆದರೆ ಮೇಲ್ಭವಾನಿಯ ನೀರು ಅವಲಾಂಚಿ–ಎಮರಾಲ್ಡ್ ಜೋಡಿ ಜಲಾಶಯಕ್ಕೆ ಬಂದು, ಅಲ್ಲಿಂದ ಬೆಟ್ಟದ ಹೊಟ್ಟೆಯೊಳಗಿನ ಸುರಂಗವನ್ನು ಹಾಯ್ದು ಕುಂದಾದಲ್ಲಿ ಒಮ್ಮೆ, ಗೆದ್ದೈಯಲ್ಲಿ ಒಮ್ಮೆ, ಪರಳಿಯಲ್ಲಿ ಒಮ್ಮೆ, ಪಿಲ್ಲೂರಿನಲ್ಲಿ ಮತ್ತೊಮ್ಮೆ ಯಂತ್ರಗಳನ್ನು ತಿರುಗಿಸಿ, ಅದೇ ನೀರು ನಾಲ್ಕೂ ಕಡೆ ವಿದ್ಯುತ್ತನ್ನು ಕೊಟ್ಟು ಭವಾನಿ ನದಿಯ ಮೂಲಕ ಕಾವೇರಿಯನ್ನು ಸೇರುವುದು ಹೇಗೆಂಬುದನ್ನು ವಿವರಿಸಬಲ್ಲವನು ಆ ವಿದ್ಯಾರ್ಥಿಗಿಂತ ಹೆಚ್ಚಾಗಿ ಇಲ್ಲಿಯ ವಿದ್ಯುತ್ ಮಂಡಲಿಯಿಂದ ನಿವೃತ್ತನಾದ ಕೆಲಸಗಾರ. ಅವನ ಜ್ಞಾನಕ್ಕೆ ಎ, ಬಿ, ಸಿ, ಡಿ ಎಂಬ ನಾಲ್ಕು ಬಾಗಿಲುಗಳು ಸಾಲವು. ಮೂರು ನಾಲ್ಕು ವಾಕ್ಯಗಳಾದರೂ ಬೇಕು, ನಡುವೆ ಒಂದು ‘ಏಕೆ’ ಎಂಬ ಮರುಪ್ರಶ್ನೆ ಬೇಕು, ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆಯೆಳೆದು ತೋರಿಸುವ ಅವಕಾಶ ಬೇಕು.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ಕಂಡಿದ್ದೇನೆ. ಡಿಸೆಂಬರ್ ತಿಂಗಳ ಒಂದು ಸಂಜೆ, ನೆರೆಮನೆಯಲ್ಲಿ ಕನ್ನಡದ ರಸಪ್ರಶ್ನೆ ನಡೆಯುತ್ತಿತ್ತು. ಮೊಮ್ಮಗನು ಸ್ಪರ್ಧಿಗಿಂತ ಮುಂಚೆ ಉತ್ತರ ಹೇಳಲು ತವಕಿಸುತ್ತಿದ್ದ, ಅಜ್ಜಿ ಒಲೆಯ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಳು. ತೆರೆಯ ಕನ್ನಡಕ್ಕೂ ಅವಳ ಬಡಗ ಮಾತಿಗೂ ಅಂತರ ಅಷ್ಟೇನಿಲ್ಲ. ಜನಗಣತಿಯವರು ಬಡಗವನ್ನು ಎಣಿಸುವುದೂ ಕನ್ನಡದ ಗುಂಪಿನಲ್ಲಿಯೇ. ಆದರೆ ಚಲನಚಿತ್ರಗಳು, ಪ್ರಶಸ್ತಿಗಳು, ಕ್ರಿಕೆಟ್ಟಿನ ದಾಖಲೆಗಳು ಎಂಬ ಆ ಪ್ರಶ್ನಲೋಕದಲ್ಲಿ ಅವಳಿಗೆ ನಿಲ್ಲಲು ಜಾಗವಿರಲಿಲ್ಲ. ಅವಳು ಎದ್ದು ಬಾಗಿಲಾಚೆ ನೋಡಿ, ಗಾಳಿ ನಿಂತಿದೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲ, ತಗ್ಗಿನ ಪಟ್ಟೆಯಲ್ಲಿರುವ ಸಸಿಗಳಿಗೆ ಹೊದಿಕೆ ಹಾಕಿ ಬಾರೆಂದು ಮಗನಿಗೆ ಹೇಳಿದಳು. ಮೇಲಣ ಪಟ್ಟೆಯ ಚಿಂತೆ ಬೇಡವೆಂದೂ ಸೇರಿಸಿದಳು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ತಣ್ಣನೆಯ ಭಾರವಾದ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಆದಕಾರಣ ಹಿಮಗಟ್ಟುವುದು ಕಣಿವೆಯ ತಳದಲ್ಲಿಯೇ. ಭೌತಶಾಸ್ತ್ರದ ಪುಸ್ತಕ ಹೇಳುವುದೂ ಇದನ್ನೇ. ಕಂಡದ್ದರಿಂದ ಕಾಣದ್ದನ್ನು ಅನುಮಾನಿಸುವ ಈ ಶಕ್ತಿಯನ್ನಲ್ಲದೆ ಬೇರೆ ಯಾವುದನ್ನು ಬುದ್ಧಿಯೆಂದು ಕರೆಯೋಣ? ಅವಳ ಎದುರಿಗೇ ಉರಿಯುತ್ತಿದ್ದ ಪೆಟ್ಟಿಗೆಗೆ ಅದರ ಸುಳಿವೂ ಸಿಗಲಿಲ್ಲ. ಅದಕ್ಕಿಂತ ನನಗೆ ವ್ಯಥೆ ತಂದುದೆಂದರೆ, ಆ ಹುಡುಗನಿಗೂ ಅಂದು ಅಜ್ಜಿ ಏನನ್ನೂ ಅರಿಯದವಳಾಗಿಯೇ ಕಂಡಳು. ರಸಪ್ರಶ್ನೆಯ ಹಾನಿ ಇರುವುದು ಇಲ್ಲಿ. ಅದು ಕೇಳದೆ ಬಿಟ್ಟದ್ದು ಜ್ಞಾನವೇ ಅಲ್ಲವೆಂಬ ಭಾವನೆಯನ್ನು ಎಳೆಯರ ಮನಸ್ಸಿನಲ್ಲಿ ಸದ್ದಿಲ್ಲದೆ ಊರಿಬಿಡುತ್ತದೆ.

ಇನ್ನು ‘ವೀಕ್ಷಕರ ಸಹಭಾಗಿತ್ವ’ವೆಂಬ ಮಾತನ್ನು ವಿಚಾರಿಸೋಣ. ಮನೆಯಲ್ಲಿ ಕುಳಿತವನು ಆಟದಲ್ಲಿ ಸೇರುವುದೆಂದರೆ ಬಹುಪಾಲು ಸಂದರ್ಭಗಳಲ್ಲಿ ಅವನು ಒಂದು ದೂರವಾಣಿ ಕರೆಯನ್ನೋ ಎಸ್ಸೆಮ್ಮೆಸ್ಸನ್ನೋ ಕಳುಹಿಸುವುದೆಂದೇ ಅರ್ಥ. 2007ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯ ಮೂರನೆಯ ಸರಣಿಯೊಡನೆ ವೀಕ್ಷಕರಿಗಾಗಿ ‘ಹರ್ ಸೀಟ್ ಹಾಟ್ ಸೀಟ್’ ಎಂಬ ಸ್ಪರ್ಧೆ ನಡೆಯಿತು. ಪ್ರತಿಯೊಂದು ಎಸ್ಸೆಮ್ಮೆಸ್ಸಿಗೆ 2 ರೂಪಾಯಿ 40 ಪೈಸೆ. ರಾಷ್ಟ್ರೀಯ ಗ್ರಾಹಕ ಆಯೋಗದ ಮುಂದೆ ಬಂದ ಲೆಕ್ಕದ ಪ್ರಕಾರ, ಸುಮಾರು 5 ಕೋಟಿ 80 ಲಕ್ಷ ಸಂದೇಶಗಳಿಂದ 13 ಕೋಟಿ 92 ಲಕ್ಷ ರೂಪಾಯಿ ಕೂಡಿತು. ಬಹುಮಾನವಾಗಿ ಹಂಚಿದ ಹಣ 1 ಕೋಟಿ 4 ಲಕ್ಷ. ಇದು ಅನುಚಿತ ವ್ಯಾಪಾರವೆಂದು 2008ರಲ್ಲಿ ಆಯೋಗವು 1 ಕೋಟಿ ರೂಪಾಯಿಯ ದಂಡವನ್ನು ವಿಧಿಸಿತು. ಮುಂದೆ ಸರ್ವೋಚ್ಚ ನ್ಯಾಯಾಲಯವು, ಬಹುಮಾನದ ಹಣ ಸಂದೇಶಗಳ ದರದಿಂದಲೇ ಬಂದಿತೆಂಬುದಕ್ಕೆ ತಕ್ಕ ಆಧಾರವಿಲ್ಲವೆಂದು ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನ ದೃಷ್ಟಿಯಿಂದ ಆ ವಿವಾದ ಅಲ್ಲಿಗೆ ಮುಗಿದಿದೆ, ತೀರ್ಪಿಗೆ ತಲೆಬಾಗತಕ್ಕದ್ದೇ. ಆದರೂ ಸುಲಭವಾದ ನಾಲ್ಕು ಆಯ್ಕೆಗಳ ಪ್ರಶ್ನೆ, ಕೋಟ್ಯಂತರ ಸರಿಯುತ್ತರಗಳು, ಅವುಗಳಲ್ಲಿ ಅದೃಷ್ಟದಿಂದ ಆರಿಸಿದ ಒಂದು ಹೆಸರು ಎಂಬ ಈ ವ್ಯವಸ್ಥೆಯಲ್ಲಿ ವೀಕ್ಷಕನ ಬುದ್ಧಿಯ ಪಾಲೆಷ್ಟು, ಕೈಯಲ್ಲಿರುವ ನಾಣ್ಯದ ಪಾಲೆಷ್ಟು ಎಂಬುದನ್ನು ಓದುಗರೇ ತೂಗಿನೋಡಬಹುದು. ಇಂದು ದೂರವಾಣಿಯೊಳಗಿನ ಆ್ಯಪ್‌ಗಳ ಮೂಲಕ ಮನೆಯಿಂದಲೇ ಉತ್ತರಿಸುವ ಸೌಕರ್ಯ ಬಂದಿದೆ. ಸಂದೇಶದ ಹಣ ಉಳಿಯಿತು ನಿಜ, ಆದರೆ ಆಟಕ್ಕೆ ಸೇರಲು ಹೆಸರು, ದೂರವಾಣಿ ಸಂಖ್ಯೆಗಳನ್ನು ಒಪ್ಪಿಸಬೇಕಾಗುತ್ತದೆ.

ಹಣದ ಮೊತ್ತ ಬೆಳೆದಂತೆ ಸತ್ಯದ ಮೇಲಿನ ಒತ್ತಡವೂ ಬೆಳೆಯುತ್ತದೆಂಬುದಕ್ಕೆ ಅಮೆರಿಕದ ‘ಟ್ವೆಂಟಿ-ಒನ್’ ಕಾರ್ಯಕ್ರಮದ ವೃತ್ತಾಂತವೇ ಸಾಕ್ಷಿ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಚಾರ್ಲ್ಸ್ ವಾನ್ ಡೋರೆನ್ ವಿದ್ವತ್ತಿನ ಮೂರ್ತಿಯೆಂಬಂತೆ ದೇಶದ ಕಣ್ಮಣಿಯಾಗಿ ಮೆರೆದು, ಕಡೆಗೆ 1959ರ ನವೆಂಬರ್ 2ರಂದು ಸಂಸತ್ತಿನ ಉಪಸಮಿತಿಯ ಮುಂದೆ ನಿಂತು, ತನಗೆ ಪ್ರಶ್ನೋತ್ತರಗಳನ್ನು ಮುಂಚಿತವಾಗಿಯೇ ತಿಳಿಸಲಾಗಿತ್ತೆಂದು ಒಪ್ಪಿಕೊಂಡನು. ಮರುವರ್ಷ ಅಂಥ ವಂಚನೆಯನ್ನು ಅಪರಾಧವೆಂದು ಸಾರುವ ಶಾಸನ ಬಂದಿತು. ನೋಡುವವರಿಗೆ ಅವನು ಹಣೆಯ ಬೆವರನ್ನೊರಸಿಕೊಂಡದ್ದೂ ಯೋಚಿಸಿದ್ದೂ ಕಂಡಿತ್ತು. ಯೋಚನೆಯ ಅಭಿನಯವನ್ನು ಯೋಚನೆಯಿಂದ ಬೇರ್ಪಡಿಸಿ ತೋರಿಸುವ ಶಕ್ತಿ ದೂರದರ್ಶನದ ಕಣ್ಣಿಗೆ ಅಂದೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆಯೂ ಈ ಕಾರ್ಯಕ್ರಮಗಳಲ್ಲಿ ಒಂದು ಗುಣವನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮ ಸಮಾಜದಲ್ಲಿ ಬಲ್ಲವನೆಂಬ ಗೌರವವು ಬಹುಕಾಲ ಹುಟ್ಟಿಗೂ ಪದವಿಗೂ ಇಂಗ್ಲಿಷಿಗೂ ಮೀಸಲಾಗಿತ್ತು. 1985ರಲ್ಲಿ ದೂರದರ್ಶನಕ್ಕೆ ಬಂದ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ಆಗಲಿ, 1983ರಿಂದ ಬೆಂಗಳೂರಿನಲ್ಲಿ ಶ್ರದ್ಧೆಯಿಂದ ನಡೆಯುತ್ತಿರುವ ಕರ್ನಾಟಕ ಕ್ವಿಜ್ ಅಸೋಸಿಯೇಷನ್ನಿನ ಕೂಟಗಳಾಗಲಿ ಮುಖ್ಯವಾಗಿ ಇಂಗ್ಲಿಷ್ ಬಲ್ಲ ನಗರದ ವಿದ್ಯಾವಂತರ ಆವರಣಕ್ಕೆ ಸೇರಿದವು. 2011ರಲ್ಲಿ ಬಿಹಾರದ ಮೋತಿಹಾರಿಯ ಒಬ್ಬ ಗಣಕಯಂತ್ರ ನಿರ್ವಾಹಕ, ಅಲ್ಪ ಸಂಬಳದ ಸುಶೀಲ್ ಕುಮಾರ್, ಹಿಂದಿಯಲ್ಲಿ ಉತ್ತರಿಸಿ 5 ಕೋಟಿ ರೂಪಾಯಿ ಗೆದ್ದಾಗ ದೇಶದ ಸಣ್ಣ ಊರುಗಳಿಗೆಲ್ಲ ಅದು ಸ್ವಂತ ಗೆಲುವಿನಂತೆ ತೋರಿತು. ಆ ಸಂತೋಷವನ್ನು ಹುಸಿಯೆನ್ನಲು ನನಗೆ ಮನಸ್ಸಿಲ್ಲ. ತಾಯ್ನುಡಿಯಲ್ಲಿ ತಿಳಿದುಕೊಂಡದ್ದಕ್ಕೂ ಬೆಲೆಯುಂಟೆಂಬುದನ್ನು ಕಂಡ ಹುಡುಗಿಯೊಬ್ಬಳು ಮರುದಿನ ಗ್ರಂಥಾಲಯದ ಮೆಟ್ಟಿಲು ಹತ್ತಿದರೆ ಅದು ಸಣ್ಣ ಲಾಭವಲ್ಲ.

ಆ ಮೆಟ್ಟಿಲನ್ನು ಹತ್ತಿಸುವ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಒಂದು ಹೆಗ್ಗಳಿಕೆಯಿದೆ. 2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರರು ಸಾವಿರಾರು ಕಂತುಗಳಷ್ಟು ದೀರ್ಘಕಾಲ ನಡೆಸಿಕೊಂಡು ಬಂದಿರುವರು. ಅಲ್ಲಿ ಸರಿಯುತ್ತರಕ್ಕೆ ಪ್ರತಿಫಲ ಕನ್ನಡ ಪುಸ್ತಕ. ಮೂವರು ಸ್ಪರ್ಧಿಗಳು, ಆಡಂಬರವಿಲ್ಲದ ವೇದಿಕೆ, ಉತ್ತರ ಬಂದ ಮೇಲೆ ಅದನ್ನು ಕುರಿತು ಪ್ರಶ್ನಕಾರರಿಂದ ಒಂದೆರಡು ಮಾತಿನ ವಿವರಣೆ. ಗೆದ್ದವನು ಮನೆಗೆ ಒಯ್ಯುವುದು ಮತ್ತಷ್ಟು ಓದುವುದಕ್ಕೆ ಬೇಕಾದ ಸಾಮಗ್ರಿಯನ್ನೇ ಆದುದರಿಂದ ಆಟವು ಅಂದಿನ ರಾತ್ರಿಗೆ ಮುಗಿಯುವುದಿಲ್ಲ. ಕೋಟಿ ರೂಪಾಯಿಯ ಪ್ರಶ್ನೆಗೂ ಒಂದು ಪುಸ್ತಕದ ಪ್ರಶ್ನೆಗೂ ಇರುವ ಈ ವ್ಯತ್ಯಾಸವನ್ನು ನಮ್ಮ ವಿಮರ್ಶಕರು ಇನ್ನೂ ಸಾಕಷ್ಟು ಗುರುತಿಸಿಲ್ಲವೆಂದೇ ನನ್ನ ಭಾವನೆ. ಬಹುಮಾನವು ದೊಡ್ಡದಾದಷ್ಟೂ ಉತ್ತರವು ಒಂದು ಸಾಧನವಾಗಿ ಕುಗ್ಗುತ್ತದೆ; ಬಹುಮಾನವೇ ಪುಸ್ತಕವಾದಾಗ ಉತ್ತರಕ್ಕೆ ಅದರ ಸ್ವಂತ ಮರ್ಯಾದೆ ಉಳಿಯುತ್ತದೆ.

ಆದರೆ ಇಲ್ಲಿಯೂ ಪ್ರಶ್ನೆ ಹೊರಡುವುದು ವೇದಿಕೆಯಿಂದ, ಉತ್ತರ ಬರಬೇಕಾದದ್ದು ಎದುರಿನಿಂದ. ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದನ್ನೇ ಕುರಿತದ್ದು. ನಮ್ಮ ಅವಧಾನ ಕಲೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಪ್ರಶ್ನೆ ಕೇಳುತ್ತಾರೆ: ಒಬ್ಬರು ಪದ್ಯದ ಹೆಜ್ಜೆಹೆಜ್ಜೆಗೂ ಅಕ್ಷರವನ್ನು ನಿಷೇಧಿಸುತ್ತಾರೆ, ಒಬ್ಬರು ಅಸಂಬದ್ಧವಾಗಿ ತೋರುವ ಸಮಸ್ಯೆಯ ಸಾಲನ್ನು ಕೊಡುತ್ತಾರೆ, ಒಬ್ಬರು ಬೇರೆಬೇರೆ ಭಾಷೆಯ ಪದಗಳನ್ನು ಕೊಟ್ಟು ಪದ್ಯದಲ್ಲಿ ಅಳವಡಿಸೆನ್ನುತ್ತಾರೆ, ಅಪ್ರಸ್ತುತಪ್ರಸಂಗಿಯು ಎಲ್ಲರ ನಡುವೆ ಹರಟೆಯ ಪ್ರಶ್ನೆಗಳಿಂದ ಏಕಾಗ್ರತೆಯನ್ನು ಕಲಕುತ್ತಾನೆ. ಪರೀಕ್ಷೆಗೊಳಗಾಗುವವನು ವಿದ್ವಾಂಸ, ಪರೀಕ್ಷಿಸುವವರು ಎದುರಿಗೆ ಕುಳಿತವರು. ಶತಾವಧಾನಿ ಆರ್. ಗಣೇಶರು ಕನ್ನಡದಲ್ಲಿ ಈ ಕಲೆಗೆ ಹೊಸ ಜೀವ ಕೊಟ್ಟ ಮೇಲೆ ಇದನ್ನು ಕಂಡವರು ಅನೇಕರಿದ್ದಾರೆ. ಒಳ್ಳೆಯ ಪ್ರಶ್ನೆಯನ್ನು ರಚಿಸಲು ಪೃಚ್ಛಕನೂ ಪಂಡಿತನಾಗಿರಬೇಕಾದುದರಿಂದ ಅದು ಎಲ್ಲರ ಕೈಗೆಟುಕುವ ಕಲೆಯಲ್ಲವೆಂಬುದು ನಿಜವೇ. ಆದರೆ ಪಂಡಿತರಲ್ಲದವರಿಗೂ ಕೇಳುವ ಹಕ್ಕನ್ನು ಕೊಟ್ಟ ಇನ್ನೊಂದು ದೃಷ್ಟಾಂತ ನಮ್ಮ ಪತ್ರಿಕೆಗಳಲ್ಲಿಯೇ ಇದೆ. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ‘ಇಗೋ ಕನ್ನಡ’ ಅಂಕಣದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರಿಗೆ ನಾಡಿನ ಮೂಲೆಮೂಲೆಯಿಂದ ಓದುಗರು ಕಾಗದ ಬರೆದು ತಮ್ಮ ಸಂದೇಹಗಳನ್ನು ಮುಂದಿಟ್ಟರು; ನಿಘಂಟುಕಾರರು ವರ್ಷಗಟ್ಟಲೆ ಒಂದೊಂದಕ್ಕೂ ತಾಳ್ಮೆಯಿಂದ ಸಮಾಧಾನ ಹೇಳಿದರು. ಅಲ್ಲಿ ಯಾರೂ ಗೆಲ್ಲಲಿಲ್ಲ, ಯಾರಿಗೂ ಅಂಕ ಬರಲಿಲ್ಲ. ಆದರೂ ಅದಕ್ಕಿಂತ ಯಥಾರ್ಥವಾದ ಸಹಭಾಗಿತ್ವವನ್ನು ದೂರದರ್ಶನದ ಯಾವ ಗುಂಡಿಯೂ ಕೊಟ್ಟಿಲ್ಲ. ಮನುಷ್ಯನ ಬುದ್ಧಿಯನ್ನು ತಿಳಿಯಬೇಕಾದರೆ ಅವನು ಕೊಡುವ ಉತ್ತರಕ್ಕಿಂತ ಅವನು ಕೇಳುವ ಪ್ರಶ್ನೆ ಹೆಚ್ಚು ಸಹಾಯಮಾಡುತ್ತದೆಂದು ನಾನು ನಂಬಿದ್ದೇನೆ; ಉತ್ತರವನ್ನು ಬಾಯಿಪಾಠದಿಂದ ಕೊಡಬಹುದು, ತನ್ನೊಳಗಿಂದ ಹುಟ್ಟಿದ ಪ್ರಶ್ನೆಯನ್ನು ಬಾಯಿಪಾಠದಿಂದ ಕೇಳಲಾಗದು.

ಈ ಎಮರಾಲ್ಡಿನ ಶಾಲೆಗಳಲ್ಲಿ ಬಡಗರ ಮಕ್ಕಳ ಜೊತೆಯಲ್ಲಿ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ತರುವಾಯ ಸಿಂಹಳದಿಂದ ನೀಲಗಿರಿಗೆ ಬಂದು ನೆಲೆಸಿದ ತಮಿಳು ಕುಟುಂಬಗಳ ಮಕ್ಕಳೂ ಕಲಿಯುತ್ತಾರೆ; ಅಂಥ ಪ್ರಶ್ನೆಗಳು ಅವರಲ್ಲಿಯೂ ಹುಟ್ಟುತ್ತವೆ. 2019ರ ಆಗಸ್ಟಿನಲ್ಲಿ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿದ ಮೇಲೆ ಆ ಅಂಕಿ ರಸಪ್ರಶ್ನೆಯ ಪುಸ್ತಕಗಳಿಗೆ ಸುಲಭವಾದ ಸರಕಾಯಿತು. ಆ ಮಳೆಯಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡ ಮಗುವಿಗೆ ಬೇಕಾಗಿರುವುದು ಆ ಅಂಕಿಯಲ್ಲ. ನಮ್ಮ ಗುಡ್ಡವೇ ಏಕೆ ಜಾರಿತು, ಆಚೆಯ ಶೋಲೆಯ ಕಾಡಿರುವ ಗುಡ್ಡ ಏಕೆ ನಿಂತಿತು ಎಂದು ಅದು ಕೇಳಿದರೆ, ಭೂವಿಜ್ಞಾನಿಯೊಬ್ಬರು ತೆರೆಯ ಮೇಲೆ ಬಂದು ಅದರ ಹೆಸರು, ಊರುಗಳನ್ನು ಹೇಳಿ ಉತ್ತರಿಸಬೇಕು. ತಮಗೆ ತಿಳಿಯದಿದ್ದರೆ ತಿಳಿಯದೆಂದು ಒಪ್ಪಬೇಕು.

ಇದಕ್ಕೆ ಹೊಸ ಯಂತ್ರವಾಗಲಿ ಕೋಟಿಗಟ್ಟಲೆ ಹಣವಾಗಲಿ ಬೇಕಿಲ್ಲ. ಚಂದನ ವಾಹಿನಿಯಲ್ಲಿ ಪುಸ್ತಕವನ್ನು ಬಹುಮಾನವಾಗಿ ಕೊಡುವ ಸಂಪ್ರದಾಯ ಆಗಲೇ ಇದೆ. ಉತ್ತರಿಸಿದವರಿಗೆ ಕೊಡುವ ಪುಸ್ತಕಗಳಲ್ಲಿ ವಾರಕ್ಕೊಂದನ್ನು, ಉತ್ತರಿಸಲು ತಜ್ಞರೇ ತಡಬಡಾಯಿಸುವಂಥ ಪ್ರಶ್ನೆಯನ್ನು ಕಳುಹಿಸಿದ ವೀಕ್ಷಕರಿಗಾಗಿ ತೆಗೆದಿರಿಸಬೇಕೆಂದೂ, ಆ ಪ್ರಶ್ನೆಗಳನ್ನು ಬಡಗ, ಕೊಡವ, ತುಳು ಮಾತುಗಳಲ್ಲಿಯೂ, ಕನ್ನಡದ ಎಲ್ಲ ಪ್ರಾದೇಶಿಕ ರೂಪಗಳಲ್ಲಿಯೂ, ಸಾಮಾನ್ಯ ಅಂಚೆಯ ಕಾಗದದಲ್ಲಿಯೂ ಸ್ವೀಕರಿಸಬೇಕೆಂದೂ ವಾಹಿನಿಯ ಅಧಿಕಾರಿಗಳನ್ನು ಪ್ರಾರ್ಥಿಸುತ್ತೇನೆ. ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಇಂದು ರಾತ್ರಿ ರಸಪ್ರಶ್ನೆ ನೋಡುವಾಗ ನಿಮ್ಮ ಮಕ್ಕಳು ಎಷ್ಟು ಸರಿಯುತ್ತರ ಹೇಳಿದರೆಂದು ಎಣಿಸಬೇಡಿ, ಅವರಿಂದ ಒಂದು ಪ್ರಶ್ನೆಯನ್ನು ಬರೆಯಿಸಿ ವಾಹಿನಿಗೆ ಕಳುಹಿಸಿಕೊಡಿ.